ನಾಲ್ಕೂ ಗಾಲಿ ಎಳೆಯುವ ಟ್ರ್ಯಾಕ್ಟರ್: ಕೊಳ್ಳುವ ಮುನ್ನ ಚೌಕಾಸಿ ಹೇಗೆ?

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತ ಬರಿಯ ಬಣ್ಣ ನೋಡಿ ಹಣ ಬಿಚ್ಚುವುದಿಲ್ಲ. ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ, ಗಾಡಿಗೆ ಕಟ್ಟಿ ಎಳೆಸಿ ನೋಡುತ್ತಾನೆ. ಆಮೇಲೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತನಾಡುತ್ತಾನೆ. ಇಷ್ಟೆಲ್ಲ ಜಾಣತನವಿರುವ ಅದೇ ರೈತ ಟ್ರ್ಯಾಕ್ಟರ್ ಅಂಗಡಿಗೆ ಹೋದಾಗ ಮಾತ್ರ ಕೊಟ್ಟ ಚಹಾ ಕುಡಿದು, ತೋರಿಸಿದ ಕಡೆ ಸಹಿ ಹಾಕಿ ಬರುವುದುಂಟು. ಎತ್ತಿನ ಸಾಲ ಒಂದೆರಡು ಬೆಳೆಯಲ್ಲಿ ತೀರಬಹುದು. ಟ್ರ್ಯಾಕ್ಟರಿನ ಸಾಲ ಐದಾರು ವರ್ಷ ಬೆನ್ನು ಬಿಡದು; ಅದಕ್ಕೆ ಅಡವಾಗಿ ನಿಂತಿರುವುದು ಎಷ್ಟೋ ವೇಳೆ ನಮ್ಮ ಜಮೀನೇ.

ಈಚಿನ ವರ್ಷಗಳಲ್ಲಿ ಹಿಂದಿನ ಗಾಲಿಗಳ ಜೊತೆಗೆ ಮುಂದಿನ ಗಾಲಿಗಳಿಗೂ ಇಂಜಿನ್ನಿನ ಶಕ್ತಿ ಹರಿಯುವ, ಫೋರ್ ವ್ಹೀಲ್ ಡ್ರೈವ್ ಎಂದು ಕರೆಯುವ ಟ್ರ್ಯಾಕ್ಟರುಗಳ ಕಡೆಗೆ ರೈತರ ಒಲವು ಹೆಚ್ಚಿದೆ. ಇವುಗಳ ಬೆಲೆಯೂ ಹೆಚ್ಚು, ಅಂಗಡಿಯಲ್ಲಿ ಹೇಳುವ ಸೌಲಭ್ಯಗಳ ಪಟ್ಟಿಯೂ ಉದ್ದ. ಯಾವುದಕ್ಕೆ ಹಣ ಕೊಡಬೇಕು, ಯಾವುದನ್ನು ಬಿಡಬೇಕು, ಬೆಲೆಯ ಮಾತನ್ನು ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಅಗತ್ಯ, ಆಮೇಲೆ ಬೆಲೆ

ಸಾಧಾರಣ ಟ್ರ್ಯಾಕ್ಟರಿನಲ್ಲಿ ಎಳೆಯುವ ಕೆಲಸವೆಲ್ಲ ಹಿಂದಿನ ಎರಡು ಗಾಲಿಗಳದು. ಮುಂದಿನ ಗಾಲಿಗಳು ದಿಕ್ಕು ತೋರಿಸುತ್ತವೆ, ಅಷ್ಟೆ. ಕೆಸರಿನಲ್ಲಿ ಅಥವಾ ಒದ್ದೆಯಾದ ಎರೆಮಣ್ಣಿನಲ್ಲಿ ಹಿಂದಿನ ಗಾಲಿ ಜಾರಿದರೆ ಡೀಸೆಲ್ ಉರಿಯುತ್ತದೆ, ಕೆಲಸ ಮುಂದೆ ಸಾಗುವುದಿಲ್ಲ. ಮುಂದಿನ ಅಚ್ಚಿಗೂ ಶಕ್ತಿ ಕೊಟ್ಟಾಗ ಈ ಜಾರುವಿಕೆ ಕಡಿಮೆಯಾಗುತ್ತದೆ.

ಭದ್ರಾ ಮತ್ತು ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳಲ್ಲಿ ಕೆಸರು ಮಾಡುವವರಿಗೆ, ಎರೆಭೂಮಿಯಲ್ಲಿ ಆಳವಾಗಿ ನೇಗಿಲು ಹೊಡೆಯುವವರಿಗೆ, ಮಲೆನಾಡಿನ ಇಳಿಜಾರಿನಲ್ಲಿ ಓಡಾಡುವವರಿಗೆ, ಮುಂಭಾಗಕ್ಕೆ ಲೋಡರ್ ಕಟ್ಟುವವರಿಗೆ ಇದು ನಿಜವಾದ ಅನುಕೂಲ. ಅಡಿಕೆ ತೋಟದವರಿಗೆ ಸಣ್ಣ ಗಾತ್ರದ ಫೋರ್ ವ್ಹೀಲ್ ಡ್ರೈವ್ ಟ್ರ್ಯಾಕ್ಟರುಗಳಿವೆ. ಆದರೆ 9 ಅಡಿ ಅಂತರದ ಸಾಲುಗಳ ನಡುವೆ ಬಸಿಗಾಲುವೆಯನ್ನೂ ಬಿಟ್ಟು ಎಷ್ಟು ಜಾಗ ಉಳಿಯುತ್ತದೆಂದು ಅಳೆದುಕೊಂಡೇ ಅಂಗಡಿಗೆ ಹೋಗಬೇಕು.

ಕೆಂಪುಮಣ್ಣಿನ ಮಳೆಯಾಶ್ರಿತ ಹೊಲದಲ್ಲಿ ಕುಂಟೆ, ಕಲ್ಟಿವೇಟರ್ ಹೊಡೆದು, ಉಳಿದ ದಿನಗಳಲ್ಲಿ ಟ್ರೈಲರ್ ಎಳೆಯುವವರಿಗೆ ಇದರ ಅಗತ್ಯ ಕಡಿಮೆ. ಗಟ್ಟಿಯಾದ ಟಾರು ರಸ್ತೆಯಲ್ಲಿ ಮುಂದಿನ ಅಚ್ಚನ್ನು ಜೋಡಿಸಿಕೊಂಡೇ ಓಡಿಸಿದರೆ ಮುಂದಿನ ಟಯರುಗಳು ಬೇಗ ಸವೆಯುತ್ತವೆ, ಗೇರುಗಳಿಗೂ ಪೆಟ್ಟು.

ಒಂದು ಸಣ್ಣ ಲೆಕ್ಕ ಮಾಡಿ. ಎರಡು ಬಗೆಯ ಟ್ರ್ಯಾಕ್ಟರುಗಳ ಬೆಲೆಯ ಅಂತರ 1,20,000 ರೂ. ಎಂದಿಟ್ಟುಕೊಳ್ಳೋಣ. ಎಂಟು ವರ್ಷಕ್ಕೆ ಹಂಚಿದರೆ ಬಡ್ಡಿ ಬಿಟ್ಟು ವರ್ಷಕ್ಕೆ 15,000 ರೂ. ಸ್ವಂತ ಗದ್ದೆ, ಬಾಡಿಗೆ ಎರಡೂ ಸೇರಿ ವರ್ಷಕ್ಕೆ 300 ಗಂಟೆ ಕೆಸರು ಕೆಲಸವಿದ್ದರೆ ಗಂಟೆಗೆ 50 ರೂ. ಬೀಳುತ್ತದೆ, ಇದು ಹೊರಬಹುದಾದ ಖರ್ಚು. ಬರೀ 60 ಗಂಟೆ ಕೆಲಸವಿದ್ದರೆ ಗಂಟೆಗೆ 250 ರೂ. ಆಗ ಎರಡು ಗಾಲಿಯ ಟ್ರ್ಯಾಕ್ಟರ್ ಕೊಂಡು, ಕೆಸರಿನ ಕೆಲಸಕ್ಕೆ ಬಾಡಿಗೆಗೆ ತರಿಸುವುದೇ ಲಾಭ.

ಹೊಲದಲ್ಲಿ ಎಳೆಸಿ ನೋಡಿ

ಅಂಗಡಿಯ ಮುಂದಿನ ಸಿಮೆಂಟು ನೆಲದ ಮೇಲೆ ಎಲ್ಲ ಟ್ರ್ಯಾಕ್ಟರುಗಳೂ ಚೆನ್ನಾಗಿಯೇ ಓಡುತ್ತವೆ. ಪ್ರದರ್ಶನವನ್ನು ನಿಮ್ಮ ಹೊಲದಲ್ಲೇ, ನಿಮ್ಮ ನೇಗಿಲಿನಿಂದಲೇ ಮಾಡಿಸಿ.

ಜಾರುವಿಕೆಯನ್ನು ಅಳೆಯುವುದು ಕಷ್ಟವಲ್ಲ. ಹಿಂದಿನ ಟಯರಿನ ಮೇಲೆ ಸುಣ್ಣದ ಗುರುತು ಹಾಕಿ. ನೇಗಿಲನ್ನು ಎತ್ತಿಕೊಂಡು ಹೊಲದಲ್ಲಿ ಗಾಲಿ ಹತ್ತು ಸುತ್ತು ಉರುಳುವಾಗ ಟ್ರ್ಯಾಕ್ಟರ್ ಕ್ರಮಿಸಿದ ದೂರವನ್ನು ಅಳೆಯಿರಿ. 42 ಮೀಟರ್ ಬಂತೆನ್ನಿ. ಈಗ ನೇಗಿಲು ಇಳಿಸಿ ಮತ್ತೆ ಹತ್ತು ಸುತ್ತು ಅಳೆಯಿರಿ. 34 ಮೀಟರ್ ಬಂದರೆ 8 ಮೀಟರ್ ಜಾರಿದೆ, ಅಂದರೆ ಶೇಕಡಾ 19. ಮುಂದಿನ ಅಚ್ಚನ್ನು ಜೋಡಿಸಿ ಅದೇ ಗೇರಿನಲ್ಲಿ, ಅದೇ ಆಳಕ್ಕೆ ಉತ್ತಾಗ 37 ಮೀಟರ್ ಬಂದರೆ ಜಾರಿದ್ದು ಶೇಕಡಾ 12 ಮಾತ್ರ. ಉಳುಮೆಯಲ್ಲಿ ಸುಮಾರು 10ರಿಂದ 15ರಷ್ಟು ಜಾರುವಿಕೆ ಸಹಜ. ಅದಕ್ಕಿಂತ ಹೆಚ್ಚಾದಷ್ಟೂ ಟಯರು, ಡೀಸೆಲ್ ಎರಡೂ ನಷ್ಟ. ನಿಮ್ಮ ಹೊಲದಲ್ಲಿ ಅಚ್ಚು ಜೋಡಿಸಿದರೂ ಜೋಡಿಸದಿದ್ದರೂ ಅಂತರ ಕಾಣದಿದ್ದರೆ ಹೆಚ್ಚಿನ ಹಣ ಕೊಡಲು ಕಾರಣವಿಲ್ಲ.

ಅಶ್ವಶಕ್ತಿಯ ಮಾತಿನಲ್ಲೂ ಎಚ್ಚರ ಬೇಕು. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು ಇಂಜಿನ್ನಿನ ಶಕ್ತಿ. ರೋಟವೇಟರಿಗೆ ತಲುಪುವ ಪಿ.ಟಿ.ಓ. ಶಕ್ತಿ ಅದಕ್ಕಿಂತ ಕಡಿಮೆ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರೀಯ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ಪಿ.ಟಿ.ಓ. ಶಕ್ತಿ, ಎಳೆಯುವ ಬಲ, ಡೀಸೆಲ್ ಖರ್ಚು, ಹೈಡ್ರಾಲಿಕ್ ಎತ್ತುವ ಬಲ ಎಲ್ಲವೂ ಅದರಲ್ಲಿರುತ್ತವೆ. ನೀವು ಕೊಳ್ಳುವ ಮಾದರಿಯ ವರದಿಯನ್ನು ಡೀಲರಿನಿಂದ ಕೇಳಿ ಪಡೆಯಿರಿ. ಎರಡು ಕಂಪನಿಗಳ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವನ ಮುಂದೆ ಮಾರಾಟಗಾರನ ಬಣ್ಣದ ಮಾತು ನಡೆಯುವುದಿಲ್ಲ.

50 ಅಶ್ವಶಕ್ತಿಗಿಂತ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೆ 2023ರ ಜನವರಿ 1ರಿಂದ ಹೊಗೆಯ ಬಗ್ಗೆ ಬಿಗಿಯಾದ ನಿಯಮ ಬಂದಿದೆ. ಇವುಗಳಲ್ಲಿ ಸಾಮಾನ್ಯವಾಗಿ ಎಲೆಕ್ಟ್ರಾನಿಕ್ ನಿಯಂತ್ರಣದ ಇಂಧನ ವ್ಯವಸ್ಥೆ ಇರುತ್ತದೆ. ಊರಿನ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಸರಿಪಡಿಸುವಂಥದಲ್ಲ. ರಿಪೇರಿಗೆ ಕಂಪನಿಯ ಆಳು ಎಷ್ಟು ದೂರದಿಂದ ಬರಬೇಕು ಎಂಬುದನ್ನು ಮೊದಲೇ ವಿಚಾರಿಸಿ.

ಆಮೇಲೆ ಸೇರಿಸಬಹುದಾದುದು, ಸೇರಿಸಲಾಗದುದು

ಸೌಲಭ್ಯಗಳನ್ನು ಎರಡು ಪಟ್ಟಿ ಮಾಡಿಕೊಳ್ಳಿ. ಮುಂದಿನ ಅಚ್ಚು, ಗೇರ್ ಬಾಕ್ಸ್, ಕ್ಲಚ್ಚಿನ ಬಗೆ, ಎಣ್ಣೆಯಲ್ಲಿ ಮುಳುಗಿದ ಬ್ರೇಕು, ಹೈಡ್ರಾಲಿಕ್ ಬಲ, ಪಿ.ಟಿ.ಓ. ವೇಗಗಳು — ಇವು ಕಾರ್ಖಾನೆಯಲ್ಲೇ ಆಗಿ ಬರಬೇಕು. ಮೇಲಿನ ಕ್ಯಾನೊಪಿ, ಬಂಪರು, ಕೊಕ್ಕೆ, ಹಾಡಿನ ಪೆಟ್ಟಿಗೆ, ಅಲಂಕಾರದ ದೀಪ — ಇವನ್ನು ಯಾವಾಗ ಬೇಕಾದರೂ ಪೇಟೆಯಲ್ಲಿ ಹಾಕಿಸಬಹುದು.

ಮೊದಲ ಪಟ್ಟಿಯಲ್ಲಿ ನಿಮ್ಮ ಕೆಲಸಕ್ಕೆ ಬೇಕಾದುದನ್ನು ಬಿಟ್ಟುಕೊಡಬೇಡಿ. ಎರಡನೆಯ ಪಟ್ಟಿಯ ಉಚಿತ ವಸ್ತುಗಳಿಗೆ ಮನಸೋಲಬೇಡಿ. ಪಲ್ಟಿ ನೇಗಿಲು ಕಟ್ಟುವ ಯೋಚನೆಯಿದ್ದರೆ ಅದಕ್ಕೆ ಬೇಕಾದ ಹೆಚ್ಚುವರಿ ಹೈಡ್ರಾಲಿಕ್ ವಾಲ್ವ್ ಬೆಲೆಯಲ್ಲೇ ಸೇರಿದೆಯೋ ಇಲ್ಲವೋ ಕೇಳಿ. ಭಾರದ ಉಪಕರಣ ಹಿಂದೆ ಕಟ್ಟಿದಾಗ ಮೂತಿ ಹಗುರಾದರೆ ಮುಂದಿನ ಗಾಲಿ ಎಳೆಯಲಾರದು. ಆದ್ದರಿಂದ ಉಚಿತವಾಗಿ ಏನಾದರೂ ಕೇಳುವುದಿದ್ದರೆ ಮುಂಭಾಗದ ತೂಕದ ಗುಂಡುಗಳನ್ನು ಕೇಳಿ.

ಫೋರ್ ವ್ಹೀಲ್ ಡ್ರೈವಿನಲ್ಲಿ ಮುಂದಿನ ಮತ್ತು ಹಿಂದಿನ ಟಯರುಗಳ ಅಳತೆ ಒಂದಕ್ಕೊಂದು ಹೊಂದಿಕೊಂಡಿರಬೇಕು. ಅಳತೆ ಬದಲಾದರೆ ಅಚ್ಚಿನ ಗೇರುಗಳ ಮೇಲೆ ಒತ್ತಡ ಬೀಳುತ್ತದೆ. ಮುಂದಿನ ಟಯರು ನಿಮ್ಮ ಪೇಟೆಯಲ್ಲಿ ಸಿಗುತ್ತದೆಯೇ, ಅಚ್ಚಿನ ಆಯಿಲ್ ಸೀಲ್‌ಗೆ ಬೆಲೆ ಎಷ್ಟು ಎಂದು ಕೊಳ್ಳುವ ಮೊದಲೇ ತಿಳಿದುಕೊಳ್ಳಿ. ಕೆಸರಿನಲ್ಲಿ ಕೆಲಸ ಮಾಡುವ ಟ್ರ್ಯಾಕ್ಟರಿಗೆ ಇವೆರಡೂ ಬೇಕಾಗುವುದು ಖಂಡಿತ.

ಬೆಲೆಯ ಮಾತು

ಒಬ್ಬರಲ್ಲ, ಕನಿಷ್ಠ ಮೂವರು ಡೀಲರುಗಳಿಂದ ಕೊಟೇಶನ್ ತನ್ನಿ. ಮೂರೂ ಒಂದೇ ಮಾದರಿಯಲ್ಲಿರಲಿ: ಟ್ರ್ಯಾಕ್ಟರಿನ ಮೂಲ ಬೆಲೆ, ಜಿ.ಎಸ್.ಟಿ., ನೋಂದಣಿ ಮತ್ತು ವಿಮೆ, ಇತರ ಖರ್ಚು. "ಎಲ್ಲ ಸೇರಿ ಇಷ್ಟು" ಎಂಬ ಒಂದೇ ಸಾಲಿನ ಕಾಗದವನ್ನು ಒಪ್ಪಬೇಡಿ. "ಇತರ ಖರ್ಚು" ಎಂಬಲ್ಲಿಯೇ ಹೆಚ್ಚಾಗಿ ನುಸುಳುಗಂಡಿ ಇರುವುದು. ಅದರಲ್ಲಿ ಏನೇನಿದೆ ಎಂದು ಬರೆಸಿ.

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಮೇಲಿನ ಜಿ.ಎಸ್.ಟಿ.ಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಲಾಯಿತು. ಟ್ರ್ಯಾಕ್ಟರ್ ಟಯರುಗಳ ಮೇಲಿನ ತೆರಿಗೆಯೂ 18ರಿಂದ 5ಕ್ಕೆ ಇಳಿಯಿತು. ಮೂಲ ಬೆಲೆ 9,00,000 ರೂ. ಇರುವ ಟ್ರ್ಯಾಕ್ಟರಿಗೆ ಹಿಂದೆ 1,08,000 ರೂ. ತೆರಿಗೆಯಾಗುತ್ತಿದ್ದರೆ, ಹೊಸ ದರದಲ್ಲಿ 45,000 ರೂ. ಈ 63,000 ರೂ. ಇಳಿಕೆ ಸರ್ಕಾರದ್ದು, ಡೀಲರಿನ ರಿಯಾಯಿತಿಯಲ್ಲ. ಅವರ ರಿಯಾಯಿತಿ ಇದರ ಮೇಲಿನದು.

ಮಾತುಕತೆ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ:

"ಯಜಮಾನ್ರೇ, ನಿಮಗೋಸ್ಕರ ಹದಿನೈದು ಸಾವಿರ ಬಿಡ್ತೀವಿ. ಮೇಲೆ ಕ್ಯಾನೊಪಿ, ಬಂಪರ್ ಫ್ರೀ."

"ಸಂತೋಷ ಸ್ವಾಮಿ. ಕ್ಯಾನೊಪಿ, ಬಂಪರ್ ನಂಗೆ ಬ್ಯಾಡ. ಅವೆರಡಕ್ಕೆ ಎಷ್ಟಾಗ್ತದೋ ಅದನ್ನ ಬಿಲ್ಲಿನಾಗೇ ಕಡಿಮೆ ಮಾಡ್ರಿ. ಆಮೇಲೆ ಪೂರ್ತಿ ಎಷ್ಟು ಅಂತ ಬರೆದು ಕೊಡ್ರಿ."

"ನಿಮ್ಮ ಹಳೇ ಗಾಡಿಗೆ ಬೇರೆಯವರಿಗಿಂತ ನಲವತ್ತು ಸಾವಿರ ಜಾಸ್ತಿ ಕೊಡ್ತೀವಲ್ಲ!"

"ಅದರ ಮಾತು ಆಮೇಲೆ. ಹಳೇದು ಇಲ್ಲ ಅಂತಲೇ ತಿಳ್ಕೊಂಡು ಹೊಸದರ ಬೆಲೆ ಹೇಳ್ರಿ."

ಈ ಕೊನೆಯ ಮಾತು ಬಹಳ ಮುಖ್ಯ. ಹಳೆಯದರ ಬೆಲೆ ಏರಿಸಿ, ಹೊಸದರ ರಿಯಾಯಿತಿ ಇಳಿಸಿದರೆ ರೈತನಿಗೆ ಲಾಭವಾದಂತೆ ಕಾಣುತ್ತದೆ, ಆದರೆ ಕೈಯಿಂದ ಹೋಗುವ ಹಣ ಅಷ್ಟೇ. ಮೊದಲು ಹೊಸದರ ಬೆಲೆ ತೀರ್ಮಾನವಾಗಲಿ. ಹಳೆಯದನ್ನು ಹೊರಗಿನವರಿಗೂ ತೋರಿಸಿ ಬೆಲೆ ಕೇಳಿರಿ. ಕೊಟ್ಟ ಮೇಲೆ ದಾಖಲೆಯಲ್ಲಿ ನಿಮ್ಮ ಹೆಸರು ವರ್ಗವಾಯಿತೇ ಎಂದು ಖಾತ್ರಿ ಮಾಡಿಕೊಳ್ಳಿ. ಹೆಸರು ಹಾಗೆಯೇ ಉಳಿದು ಆ ಗಾಡಿಯಿಂದ ಅಪಘಾತವಾದರೆ ಪರಿಹಾರದ ಹೊಣೆ ನಿಮ್ಮ ಬಾಗಿಲಿಗೆ ಬರುತ್ತದೆ.

ಆಯುಧಪೂಜೆಗೆ, ಯುಗಾದಿಗೆ ಮನೆಗೆ ತರಬೇಕೆಂಬ ಆಸೆ ತಪ್ಪಲ್ಲ. ಆದರೆ ಹಬ್ಬದ ಹಿಂದಿನ ದಿನ ಹೋದವನಿಗೆ ಚೌಕಾಸಿಗೆ ಸಮಯವಿಲ್ಲ. ಅದು ಮಾರುವವನಿಗೂ ಗೊತ್ತು. ಬೆಲೆಯನ್ನು ತಿಂಗಳ ಮುಂಚೆ ತೀರ್ಮಾನಿಸಿ, ಪೂಜೆಯ ದಿನ ಗಾಡಿ ತನ್ನಿ.

ಬಡ್ಡಿಯ ಮಾತು

ಬೆಲೆಯಲ್ಲಿ ಹದಿನೈದು ಸಾವಿರಕ್ಕೆ ಹಟ ಹಿಡಿದು, ಬಡ್ಡಿಯಲ್ಲಿ ಲಕ್ಷ ಕಳೆದುಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ತಪ್ಪು. 6,00,000 ರೂ. ಸಾಲ, ಐದು ವರ್ಷ, ಆರು ತಿಂಗಳಿಗೊಂದರಂತೆ ಹತ್ತು ಕಂತು, ಬಡ್ಡಿ ಶೇಕಡಾ 10 ಎಂದಿಟ್ಟುಕೊಳ್ಳಿ.

ಬಡ್ಡಿಯನ್ನು ಪ್ರತಿ ವರ್ಷವೂ ಪೂರ್ತಿ ಆರು ಲಕ್ಷದ ಮೇಲೆ ಹಾಕಿದರೆ, ಅಂದರೆ ಫ್ಲಾಟ್ ದರದಲ್ಲಿ, ಒಟ್ಟು ಬಡ್ಡಿ 3,00,000 ರೂ. ಪ್ರತಿ ಕಂತು 90,000 ರೂ.

ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿದರೆ ಮೊದಲ ಕಂತು 60,000 ರೂ. ಅಸಲು ಮತ್ತು 30,000 ರೂ. ಬಡ್ಡಿ, ಒಟ್ಟು 90,000 ರೂ. ಮುಂದಿನ ಪ್ರತಿ ಕಂತು 3,000 ರೂ.ಗಳಂತೆ ಇಳಿಯುತ್ತಾ ಕೊನೆಯದು 63,000 ರೂ. ಆಗುತ್ತದೆ. ಒಟ್ಟು ಬಡ್ಡಿ 1,65,000 ರೂ.

ಎರಡರಲ್ಲೂ ಮೊದಲ ಕಂತು ಒಂದೇ. ಆದ್ದರಿಂದಲೇ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಕೊನೆಗೆ ಕಾಣುವ ಅಂತರ 1,35,000 ರೂ. "ಬಡ್ಡಿ ಎಷ್ಟು?" ಎಂದಷ್ಟೇ ಕೇಳದೆ "ಯಾವುದರ ಮೇಲೆ ಬಡ್ಡಿ? ಕೊನೆಯವರೆಗೆ ಒಟ್ಟು ಎಷ್ಟು ಕಟ್ಟಬೇಕು?" ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ಡೀಲರ್ ತೋರಿಸಿದ ಸಾಲದ ಜೊತೆಗೆ ನಿಮ್ಮ ಬ್ಯಾಂಕು, ಸಹಕಾರ ಸಂಘಗಳಲ್ಲೂ ವಿಚಾರಿಸಿ. ಕಂತಿನ ದಿನ ಬೆಳೆ ಮಾರಿದ ಮೇಲೆ ಬರುವಂತಿರಲಿ. ಎರಡು ಭತ್ತದ ಬೆಳೆಯವರಿಗೂ ವರ್ಷಕ್ಕೊಮ್ಮೆ ಕಬ್ಬಿನ ಹಣ ಕಾಣುವವರಿಗೂ ಒಂದೇ ಕಂತಿನ ತಾರೀಖು ಹೊಂದುವುದಿಲ್ಲ.

ಸಹಾಯಧನದ ಆಸೆಯಿದ್ದರೆ ಕೊಳ್ಳುವ ಮುನ್ನವೇ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಕೊಂಡ ಮೇಲೆ ಅರ್ಜಿ ಹಿಡಿದು ಓಡಾಡಿ ಪ್ರಯೋಜನವಿಲ್ಲ.

ಗಾಡಿ ಮನೆಗೆ ತರುವ ದಿನ

ಚಾಸಿ ಮತ್ತು ಇಂಜಿನ್ ನಂಬರುಗಳನ್ನು ಬಿಲ್ಲಿನೊಡನೆ ತಾಳೆ ನೋಡಿ. ತಯಾರಾದ ತಿಂಗಳು, ಗಂಟೆ ಮೀಟರಿನ ಅಂಕಿಗಳನ್ನು ಗಮನಿಸಿ. ಟಯರಿನ ಮೇಲಿನ ನಾಲ್ಕಂಕಿ ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತದೆ. 3225 ಎಂದರೆ 2025ರ 32ನೆಯ ವಾರ. ಹಿಂದಿನ ವರ್ಷದ ಗಾಡಿಯಾದರೆ ಕೊಳ್ಳಬಾರದೆಂದಲ್ಲ, ಅದಕ್ಕೆ ತಕ್ಕಂತೆ ಬೆಲೆ ಇಳಿಸಬೇಕು.

ಬಿಲ್ಲು, ಮಾರಾಟದ ಪ್ರಮಾಣಪತ್ರ, ವಿಮೆ, ವಾರಂಟಿ ಪುಸ್ತಕ ಇಷ್ಟನ್ನೂ ಕೈಯಲ್ಲಿ ಪಡೆಯಿರಿ. ಮುಂದಿನ ಅಚ್ಚಿಗೆ ವಾರಂಟಿ ಎಷ್ಟು ವರ್ಷ ಅಥವಾ ಎಷ್ಟು ಗಂಟೆ ಎಂಬುದನ್ನು ಓದಿಸಿ ಕೇಳಿ. ಕೃಷಿಗೆಂದು ನೋಂದಾಯಿಸಿದ ಟ್ರ್ಯಾಕ್ಟರಿನಲ್ಲಿ ಬಾಡಿಗೆಗೆ ಕಲ್ಲು, ಇಟ್ಟಿಗೆ ಸಾಗಿಸುವಾಗ ಅಥವಾ ಟ್ರೈಲರಿನಲ್ಲಿ ಜನರನ್ನು ಕೂರಿಸಿದಾಗ ಅಪಘಾತವಾದರೆ ವಿಮೆಯ ಹಣ ಸಿಗದೆ ಹೋಗಬಹುದು. ಆ ಕೆಲಸದ ಉದ್ದೇಶವಿದ್ದರೆ ನೋಂದಣಿಯ ಹೊತ್ತಿನಲ್ಲೇ ತಿಳಿಸಿ.

ಬಾಯಿಮಾತಿನಲ್ಲಿ ಒಪ್ಪಿದ ಎಲ್ಲವೂ ಕಾಗದದ ಮೇಲೆ ಬರಲಿ: ಉಚಿತ ಸರ್ವಿಸುಗಳು ಎಷ್ಟು, ಹೊಲಕ್ಕೇ ಬಂದು ಮಾಡುತ್ತಾರೆಯೇ, ಕೊಡುತ್ತೇವೆಂದ ತೂಕದ ಗುಂಡುಗಳು ಯಾವಾಗ ಬರುತ್ತವೆ. ಪೂರ್ತಿ ಹಣ ಕೊಟ್ಟ ಮೇಲೆ ನೆನಪಿಸುವ ಬಲ ರೈತನ ಕೈಯಲ್ಲಿ ಉಳಿಯುವುದಿಲ್ಲ.

ಅಗತ್ಯವನ್ನು ಮನೆಯಲ್ಲಿ ತೀರ್ಮಾನಿಸಿ, ಶಕ್ತಿಯನ್ನು ಹೊಲದಲ್ಲಿ ಪರೀಕ್ಷಿಸಿ, ಬೆಲೆಯನ್ನು ಕಾಗದದ ಮೇಲೆ ಮಾತನಾಡಿ, ಬಡ್ಡಿಯನ್ನು ಕೊನೆಯ ಕಂತಿನವರೆಗೆ ಲೆಕ್ಕ ಹಾಕಿ. ಜಾತ್ರೆಯಲ್ಲಿ ಎತ್ತಿನ ಹಲ್ಲು ಎಣಿಸುವ ರೈತನಿಗೆ ಇದು ಹೊಸ ವಿದ್ಯೆಯೇನಲ್ಲ. ಅದೇ ತಾಳ್ಮೆಯನ್ನು ಟ್ರ್ಯಾಕ್ಟರ್ ಅಂಗಡಿಯಲ್ಲೂ ತೋರಿಸಬೇಕು. ಹಾಗೆ ಕೊಂಡ ಟ್ರ್ಯಾಕ್ಟರ್ ಜಮೀನನ್ನು ಉಳುತ್ತದೆ. ಅವಸರದಲ್ಲಿ ಕೊಂಡದ್ದು ಜಮೀನನ್ನೇ ನುಂಗೀತು.