ಪಾರ್ಥೆನಾನ್: ಒಂದು ದೇವಾಲಯದ ಹಲವು ಕಾಲಗಳು

ಅಥೆನ್ಸಿನ ಆಕ್ರೊಪೊಲಿಸ್ ಬೆಟ್ಟದ ಮೇಲಿರುವ ಪಾರ್ಥೆನಾನ್ ದೇವಾಲಯವನ್ನು ಪೆರಿಕ್ಲೀಸನ ಕಾಲದ ಕೃತಿಯೆಂದು ವರ್ಣಿಸಿ ಮುಗಿಸುವುದು ವಾಡಿಕೆಯಾಗಿದೆ. ಆದರೆ ಈ ಕಟ್ಟಡಕ್ಕೆ ಸುಮಾರು ಎರಡೂವರೆ ಸಾವಿರ ವರ್ಷಗಳ ಚರಿತ್ರೆಯುಂಟು. ಇಂದು ಕಾಣುವ ಭಗ್ನಾವಶೇಷವು ನಿಜವಾಗಿ ಯಾವ ಕಾಲಕ್ಕೆ ಸೇರಿದುದೆಂಬುದನ್ನು ವಿಚಾರ ಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಕ್ರಿ. ಪೂ. 480ರಲ್ಲಿ ಪಾರಸಿಕರು ಆಕ್ರೊಪೊಲಿಸಿನ ಗುಡಿಗಳನ್ನು ಸುಟ್ಟರು. ನೂತನ ದೇವಾಲಯದ ಕೆಲಸವು ಕ್ರಿ. ಪೂ. 447ರಲ್ಲಿ ಮೊದಲಾಯಿತು. ಇಕ್ಟಿನಸ್ ಮತ್ತು ಕ್ಯಾಲಿಕ್ರಟೀಸ್ ಇದರ ಸ್ಥಪತಿಗಳು. ಫಿಡಿಯಸನು ದಂತ ಸುವರ್ಣಗಳಿಂದ ರಚಿಸಿದ ಅಥೀನಾ ದೇವಿಯ ವಿಗ್ರಹವು 438ರಲ್ಲಿ ಪ್ರತಿಷ್ಠಿತವಾಯಿತು. ಶಿಲ್ಪಕಾರ್ಯವು 432ರಲ್ಲಿ ಪೂರ್ಣಗೊಂಡಿತು. ಮಿತ್ರರಾಜ್ಯಗಳ ಭಂಡಾರವು ಕ್ರಿ. ಪೂ. 454ರಲ್ಲಿಯೇ ಅಥೆನ್ಸಿಗೆ ಬಂದಿದ್ದಿತು. ಪಾರಸಿಕರೊಡನೆ ಯುದ್ಧಕ್ಕೆಂದು ಕೊಟ್ಟ ಹಣದಿಂದ ನಗರವನ್ನು ಸಿಂಗರಿಸಲಾಗುತ್ತಿದೆಯೆಂದು ಪೆರಿಕ್ಲೀಸನ ವಿರೋಧಿಗಳು ಆಕ್ಷೇಪಿಸಿದರೆಂದು ಪ್ಲೂಟಾರ್ಕನು ತಿಳಿಸುತ್ತಾನೆ. ಆದುದರಿಂದ ಈ ದೇವಾಲಯವು ಭಕ್ತಿಯ ಚಿಹ್ನೆಯಾಗಿದ್ದಂತೆಯೇ ಸಾಮ್ರಾಜ್ಯದ ಚಿಹ್ನೆಯೂ ಆಗಿದ್ದಿತು.

ಮುಂದೆ ಇದು ಕ್ರೈಸ್ತರ ಇಗರ್ಜಿಯಾಗಿ ಅನೇಕ ಶತಮಾನಗಳ ಕಾಲ ಉಳಿಯಿತು. ಹದಿನೈದನೆಯ ಶತಮಾನದಲ್ಲಿ ಅಟೊಮನ್ ತುರ್ಕರ ಆಳ್ವಿಕೆ ಬಂದ ಮೇಲೆ ಮಸೀದಿಯಾಯಿತು. ಬಳಕೆಯಲ್ಲಿದ್ದುದರಿಂದಲೇ ಕಟ್ಟಡವು ಬಹುಮಟ್ಟಿಗೆ ಉಳಿದುಕೊಂಡಿತೆಂಬುದು ಗಮನಾರ್ಹವಾಗಿದೆ. 1687ರ ಸೆಪ್ಟೆಂಬರ್ 26ರಂದು, ತುರ್ಕರು ಒಳಗೆ ಶೇಖರಿಸಿದ್ದ ಮದ್ದಿಗೆ ವೆನಿಸ್ ಸೈನ್ಯದ ಗುಂಡು ಬಿದ್ದು, ದೇವಾಲಯದ ಮಧ್ಯಭಾಗವು ಸ್ಫೋಟಗೊಂಡಿತು. 1801ರಿಂದ ಎಲ್ಗಿನ್ ಪ್ರಭುವಿನ ಜನರು ತೆಗೆಸಿದ ಶಿಲ್ಪಗಳನ್ನು 1816ರಲ್ಲಿ ಬ್ರಿಟಿಷ್ ಸರ್ಕಾರವು 35,000 ಪೌಂಡುಗಳಿಗೆ ಕೊಂಡುಕೊಂಡಿತು. ಅವನ್ನು ಹಿಂದಿರುಗಿಸಬೇಕೆಂಬ ಗ್ರೀಸ್ ದೇಶದ ಬೇಡಿಕೆ ಇನ್ನೂ ಇತ್ಯರ್ಥವಾಗಿಲ್ಲ.

ಗ್ರೀಸ್ ಸ್ವತಂತ್ರವಾದ ಬಳಿಕ, ಭಗ್ನಾವಶೇಷದೊಳಗೆ ಕಟ್ಟಿದ್ದ ಚಿಕ್ಕ ಮಸೀದಿಯನ್ನು 1840ರ ದಶಕದಲ್ಲಿಯೂ, ಬೆಟ್ಟದ ಮಹಾದ್ವಾರದ ಬಳಿಯಿದ್ದ ಮಧ್ಯಯುಗದ ಗೋಪುರವನ್ನು 1875ರಲ್ಲಿಯೂ ಕೆಡವಲಾಯಿತು. ಪ್ರಾಚೀನ ವೈಭವವನ್ನು ಮಾತ್ರ ಉಳಿಸಿಕೊಳ್ಳಬೇಕೆಂಬ ಹಂಬಲವು ನಡುವಣ ಶತಮಾನಗಳ ಸಾಕ್ಷ್ಯವನ್ನು ಅಳಿಸಿತು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಬಲಾನೊಸ್ ಎಂಬ ಎಂಜಿನಿಯರು ಜೀರ್ಣೋದ್ಧಾರಕ್ಕಾಗಿ ಕಬ್ಬಿಣದ ಬಂಧಗಳನ್ನು ಬಳಸಿದನು. ಪ್ರಾಚೀನರು ಕಬ್ಬಿಣಕ್ಕೆ ಸೀಸದ ಹೊದಿಕೆ ಕೊಟ್ಟಿದ್ದರು, ಈತನು ಕೊಡಲಿಲ್ಲ. ತುಕ್ಕು ಹಿಡಿದು ಉಬ್ಬಿದ ಕಬ್ಬಿಣವು ಅಮೃತಶಿಲೆಯನ್ನು ಸೀಳಿತು. 1975ರಲ್ಲಿ ನೇಮಕವಾದ ಸಮಿತಿಯ ಆಶ್ರಯದಲ್ಲಿ ಅದನ್ನು ತೆಗೆದು ಟೈಟೇನಿಯಮ್ ಬಂಧಗಳನ್ನು ಅಳವಡಿಸುವ ಕಾರ್ಯ ನಡೆಯಿತು.

ಹೀಗೆ ಇಂದಿನ ಪಾರ್ಥೆನಾನ್ ಪೆರಿಕ್ಲೀಸನ ಕಾಲದ್ದಷ್ಟೇ ಅಲ್ಲ. ಏನನ್ನು ಉಳಿಸಬೇಕು, ಏನನ್ನು ಅಳಿಸಬೇಕೆಂದು ಹತ್ತೊಂಬತ್ತು ಇಪ್ಪತ್ತನೆಯ ಶತಮಾನಗಳು ಕೈಗೊಂಡ ನಿರ್ಣಯಗಳ ಫಲವೂ ಹೌದು. ಸ್ಮಾರಕವನ್ನು ನಾಶಮಾಡಿದವರನ್ನು ಕುರಿತು ಬರೆಯುವ ಚರಿತ್ರಕಾರನು, ಅದನ್ನು ರಕ್ಷಿಸಿದವರನ್ನೂ ಅಷ್ಟೇ ಎಚ್ಚರದಿಂದ ಪರಿಶೀಲಿಸಬೇಕಾಗಿದೆ.