ನಿತ್ಯದ ಕಾರು ಓಟದ ಪಥಕ್ಕೆ ಇಳಿಯುವ ಮುನ್ನ

ವಿಜಯಪುರದ ಜೋರಾಪುರ ಪೇಟೆಯಂತಹ ಹಳೆಯ ಪೇಟೆಯಲ್ಲಿ ಕಾರು ನಡೆಸುವವನು ದಿನಕ್ಕೆ ನೂರು ಸಲ ಬ್ರೇಕನ್ನು ಒತ್ತಬಹುದು. ಆದರೂ ಆ ಬ್ರೇಕುಗಳಿಗೆ ನಿಜವಾದ ಪರೀಕ್ಷೆ ಒದಗುವುದಿಲ್ಲ. ಕೈಗಾಡಿ, ದನಕರು, ಶಾಲೆಯ ಮಕ್ಕಳು ಇವರ ನಡುವೆ ಗಂಟೆಗೆ 25 ಕಿಲೋಮೀಟರ್ ವೇಗ ಸಿಕ್ಕರೆ ಅದೇ ಹೆಚ್ಚು. ಇಂತಹ ಕಾರನ್ನು ಓಟದ ಪಥದ ಮೇಲೆ ಓಡಿಸಿ ನೋಡಬೇಕೆಂಬ ಆಸೆ ಇಂದಿನ ತರುಣರಲ್ಲಿ ಅನೇಕರಿಗಿದೆ. ಅದಕ್ಕೆ ಅವಕಾಶವೂ ಉಂಟು. ಕೆಲವು ದಿನಗಳಂದು ಶುಲ್ಕ ತೆತ್ತವರಿಗೆ ತಮ್ಮ ಸ್ವಂತ ವಾಹನವನ್ನೇ ಪಥದ ಮೇಲೆ ಓಡಿಸಲು ಬಿಡುತ್ತಾರೆ. ಇದನ್ನೇ ‘ಟ್ರ್ಯಾಕ್ ಡೇ’ ಎನ್ನುವುದು. ಇದು ಪಂದ್ಯವಲ್ಲ, ಇಲ್ಲಿ ಬಹುಮಾನವೂ ಇಲ್ಲ.

ದಕ್ಷಿಣ ಭಾರತದ ಮೋಟಾರು ಓಟಗಳು ದಶಕಗಳ ಕಾಲ ನಡೆದುದು ಚೆನ್ನೈ ಬಳಿಯ ಶೋಳವರಂನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನಪಟ್ಟಿಯ ಮೇಲೆ. 1990ರಲ್ಲಿ ಶ್ರೀಪೆರುಂಬುದೂರಿನ ಸಮೀಪದ ಇರುಂಗಾಟ್ಟುಕೋಟೆಯಲ್ಲಿ ಸುಮಾರು 3.7 ಕಿಲೋಮೀಟರ್ ಉದ್ದದ ಪಥ ಸಿದ್ಧವಾಯಿತು. ವಿಜಯಪುರದಿಂದ ಅಲ್ಲಿಗೆ 700 ಕಿಲೋಮೀಟರಿಗೂ ಮಿಕ್ಕಿದ ದಾರಿ. ಹೋದ ಕಾರಿನಲ್ಲಿಯೇ ಹಿಂದಿರುಗಬೇಕು. ಮರುದಿನ ಅದೇ ಕಾರು ಸಂತೆಗೂ ಶಾಲೆಗೂ ಹೋಗಬೇಕು. ಪಂದ್ಯದ ಕಾರಿಗೂ ನಿತ್ಯದ ಕಾರಿಗೂ ಇರುವ ಮುಖ್ಯ ಭೇದ ಇದೇ.

ಅಷ್ಟು ದೂರವೇಕೆ, ಊರ ಹೊರಗಿನ ಸೊಲ್ಲಾಪುರ ಹೆದ್ದಾರಿ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಅಲ್ಲಿ ಕಬ್ಬಿನ ಟ್ರ್ಯಾಕ್ಟರು ಎದುರಾದೀತು, ಕುರಿಹಿಂಡು ಅಡ್ಡ ಬಂದೀತು. ಸಾರ್ವಜನಿಕ ಸ್ಥಳದಲ್ಲಿ ಸರ್ಕಾರದ ಸಮ್ಮತಿಯಿಲ್ಲದೆ ವೇಗದ ಪರೀಕ್ಷೆ ನಡೆಸುವುದು 1988ರ ಮೋಟಾರು ವಾಹನ ಕಾಯಿದೆಯ 189ನೆಯ ಕಲಮಿನ ಪ್ರಕಾರ ಅಪರಾಧವೂ ಹೌದು.

ಕಾರನ್ನು ಅಣಿಗೊಳಿಸುವುದೆಂದರೆ ಎಂಜಿನ್ನಿನ ಬಲ ಹೆಚ್ಚಿಸುವುದು ಎಂದು ಬಹುಮಂದಿ ಭಾವಿಸುತ್ತಾರೆ. ನಮ್ಮ ಅಭಿಪ್ರಾಯ ಬೇರೆ. ಮೊದಲು ಸೋಲುವುದು ಎಂಜಿನ್ನಲ್ಲ, ಬ್ರೇಕು. ಕಾರಣವನ್ನು ಲೆಕ್ಕ ಹಾಕಿಯೇ ನೋಡೋಣ.

1,000 ಕಿಲೋಗ್ರಾಂ ತೂಕದ ಕಾರೊಂದು ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆಯೆನ್ನಿ. ಅದು ಸೆಕೆಂಡಿಗೆ 33 ಮೀಟರ್ ಕ್ರಮಿಸುತ್ತದೆ. ಗೋಲಗುಮ್ಮಟದ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್; ಆ ಕಾರಿಗೆ ಅದನ್ನು ದಾಟಲು ಒಂದು ಸೆಕೆಂಡಿಗಿಂತ ತುಸು ಹೆಚ್ಚು ಕಾಲ ಸಾಕು. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಪೇಟೆಯಲ್ಲಿ 25 ಕಿಲೋಮೀಟರ್ ವೇಗದಲ್ಲಿ ಈ ಕಾರಿನ ಚಲನಶಕ್ತಿ ಸುಮಾರು 24 ಕಿಲೋಜೂಲ್. 120ರ ವೇಗದಲ್ಲಿ ಸುಮಾರು 556 ಕಿಲೋಜೂಲ್, ಅಂದರೆ 23 ಪಟ್ಟು! ತಿರುವಿಗೆ ಮುನ್ನ ವೇಗವನ್ನು 60ಕ್ಕೆ ಇಳಿಸಿದರೆ ಸುಮಾರು 417 ಕಿಲೋಜೂಲ್ ಶಕ್ತಿ ಉಷ್ಣವಾಗಿ ಮಾರ್ಪಡಬೇಕು. ಒಂದು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು. ಆದರೆ ಇಲ್ಲಿ ಕಾಯುವುದು ನೀರಲ್ಲ, ಕಬ್ಬಿಣದ ತಟ್ಟೆಗಳು.

ಬ್ರೇಕು ಹಾಕಿದಾಗ ಕಾರು ಮೂಗನ್ನು ತಗ್ಗಿಸುತ್ತದೆ. ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಆದುದರಿಂದ ಕೆಲಸದ ನೂರಕ್ಕೆ 70 ಭಾಗ ಮುಂದಿನ ಎರಡು ಬ್ರೇಕುಗಳ ಪಾಲಿಗೆ ಬರುವುದೆಂದು ಹಿಡಿಯಬಹುದು. ಒಂದೊಂದು ತಟ್ಟೆಯ ತೂಕ 5 ಕಿಲೋಗ್ರಾಂ ಇದ್ದರೆ, ಒಮ್ಮೆ ಬ್ರೇಕು ಹಾಕಿದಾಗ ಅದರ ಉಷ್ಣತೆ 60 ಡಿಗ್ರಿಗೂ ಹೆಚ್ಚು ಏರುತ್ತದೆ. ಅದು ತಣ್ಣಗಾಗುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ. ಹೀಗೆ ಕೆಲವೇ ಸುತ್ತುಗಳಲ್ಲಿ ತಟ್ಟೆ ನೂರಾರು ಡಿಗ್ರಿಗೆ ಕಾದು ನಿಲ್ಲುತ್ತದೆ.

ಈ ಉಷ್ಣದಿಂದ ಎರಡು ಬಗೆಯ ಕೇಡು ಸಂಭವಿಸಬಹುದು. ಇವೆರಡರ ಲಕ್ಷಣಗಳು ಬೇರೆ ಬೇರೆ. ತಟ್ಟೆಯನ್ನು ಹಿಡಿಯುವ ಪ್ಯಾಡುಗಳಲ್ಲಿ ರಾಳದಂತಹ ಅಂಟು ಇರುತ್ತದೆ. ಮಿತಿಮೀರಿ ಕಾದಾಗ ಅದು ಅನಿಲವನ್ನು ಹೊರಬಿಟ್ಟು ಘರ್ಷಣೆಯನ್ನು ಕುಂದಿಸುತ್ತದೆ. ಆಗ ಪೆಡಲು ಕಾಲಿಗೆ ಗಟ್ಟಿಯಾಗಿಯೇ ಇದ್ದರೂ ಕಾರು ನಿಧಾನವಾಗುವುದಿಲ್ಲ. ಎರಡನೆಯದು ಇನ್ನೂ ಭಯಂಕರವಾದದ್ದು. ಪೆಡಲಿನ ಒತ್ತಡವನ್ನು ಗಾಲಿಗಳಿಗೆ ಮುಟ್ಟಿಸುವ ಬ್ರೇಕು ದ್ರವವೇ ಕುದಿಯುವುದು! ದ್ರವವನ್ನು ಒತ್ತಿ ಕುಗ್ಗಿಸಲಾಗದು; ಆವಿಯನ್ನು ಸುಲಭವಾಗಿ ಕುಗ್ಗಿಸಬಹುದು. ಕೊಳವೆಯಲ್ಲಿ ಆವಿಯ ಗುಳ್ಳೆಗಳೆದ್ದರೆ ಪೆಡಲು ತಳಕ್ಕಿಳಿಯುತ್ತದೆ, ಬ್ರೇಕು ಹಿಡಿಯುವುದಿಲ್ಲ.

ಸಾಮಾನ್ಯ ಬ್ರೇಕು ದ್ರವಕ್ಕೆ ಹವೆಯ ತೇವವನ್ನು ಹೀರುವ ಗುಣವಿದೆ. ‘ಡಾಟ್ 4’ ಎಂಬ ಜಾತಿಯ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಂಟಿಗ್ರೇಡ್ ಇರಬೇಕೆಂದು ನಿಯಮ. ನೂರಕ್ಕೆ 3.7ರಷ್ಟು ನೀರು ಸೇರಿದ ದ್ರವಕ್ಕೆ ನಿಯಮವು ಬಯಸುವುದು 155 ಡಿಗ್ರಿ ಮಾತ್ರ. ವರ್ಷಗಳಿಂದ ಬದಲಾಯಿಸದ ದ್ರವ ಪೇಟೆಯಲ್ಲಿ ಯಾವ ತೊಂದರೆಯನ್ನೂ ಕೊಡದಿರಬಹುದು. ಪಥದ ಮೇಲೆ ಅದು ನಾಲ್ಕನೆಯ ಸುತ್ತಿಗೇ ಕೈಕೊಟ್ಟೀತು. ಆದುದರಿಂದ ಹಳೆಯ ದ್ರವವನ್ನು ಪೂರ್ತಿ ಹೊರಹಾಕಿಸಿ, ಮುಚ್ಚಿದ ಡಬ್ಬಿಯಿಂದ ಹೊಸ ದ್ರವವನ್ನು ತುಂಬಿಸುವುದೇ ಮೊದಲ ಸಿದ್ಧತೆ. ಎಂಜಿನ್ನಿಗೆ ಸುರಿಯುವ ಹಣದ ಒಂದಂಶವೂ ಇದಕ್ಕೆ ಬೇಕಿಲ್ಲ. ಪ್ಯಾಡುಗಳು ಸವೆದಿದ್ದರೆ ಬದಲಾಯಿಸಬೇಕು. ಅಪ್ಪಟ ಪಂದ್ಯದ ಪ್ಯಾಡುಗಳನ್ನು ಮಾತ್ರ ನಾವು ಹೇಳಲಾರೆವು. ಅವು ಕಾದ ಮೇಲೆಯೇ ಚೆನ್ನಾಗಿ ಹಿಡಿಯುವಂಥವು. ಮುಂಜಾನೆ ಪೇಟೆಯಲ್ಲಿ ಮಗುವೊಂದು ಅಡ್ಡ ಓಡಿಬಂದಾಗ ಅವು ತಣ್ಣಗಿರುತ್ತವೆ.

ಟೈರುಗಳ ವಿಚಾರದಲ್ಲಿ ಅನಿಲ ನಿಯಮ ನೆರವಿಗೆ ಬರುತ್ತದೆ. ಮಾಪಕವು ಚದರ ಅಂಗುಲಕ್ಕೆ 33 ಪೌಂಡು ತೋರಿಸಿದರೆ, ವಾಯುಮಂಡಲದ ಒತ್ತಡ ಸೇರಿ ಒಳಗಿರುವುದು ಸುಮಾರು 48. ಒಳಗಿನ ಹವೆ 30 ಡಿಗ್ರಿಯಿಂದ 80 ಡಿಗ್ರಿಗೆ ಕಾದರೆ, ಅಂದರೆ ನಿರಪೇಕ್ಷ ಮಾನದಲ್ಲಿ 303ರಿಂದ 353ಕ್ಕೆ ಏರಿದರೆ, ಒತ್ತಡ 56 ಆಗುತ್ತದೆ. ಮಾಪಕ 41 ತೋರಿಸುತ್ತದೆ. ಉಬ್ಬಿದ ಟೈರು ನಡುವಿನಲ್ಲಷ್ಟೇ ನೆಲವನ್ನು ಮುಟ್ಟುವುದರಿಂದ ಹಿಡಿತ ಕುಂದುತ್ತದೆ. ಪಥದಿಂದ ಹೊರಬಂದ ಕೂಡಲೆ ಬಿಸಿಯಲ್ಲಿಯೇ ಅಳೆದು ಹೆಚ್ಚಾದುದನ್ನು ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ತೀರ ಇಳಿಸಿದರೆ ಮಗ್ಗುಲು ಬಳುಕಿ ಟೈರು ಮತ್ತಷ್ಟು ಕಾಯುತ್ತದೆ. ಮಗ್ಗುಲಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನೂ ಓದಿರಿ: 2319 ಎಂದಿದ್ದರೆ ಅದು 2019ರ 23ನೆಯ ವಾರ ತಯಾರಾದದ್ದು. ಬಯಲುಸೀಮೆಯ ಬಿಸಿಲಿನಲ್ಲಿ ವರ್ಷಗಟ್ಟಲೆ ನಿಂತ ರಬ್ಬರು ಸವೆಯದಿದ್ದರೂ ಗಡುಸಾಗಿರುತ್ತದೆ.

ಉಳಿದವು ಸಣ್ಣ ಕೆಲಸಗಳು. ಎಂಜಿನ್ ಎಣ್ಣೆ ಮೇಲಿನ ಗುರುತಿನವರೆಗೆ ಇರಲಿ. ವೇಗದ ತಿರುವಿನಲ್ಲಿ ಎಣ್ಣೆ ಒಂದು ಬದಿಗೆ ಸರಿದು ಹೀರುಗೊಳವೆ ಬರಿದಾಗಬಹುದು. ಗಾಲಿಯ ತಿರುಪುಗಳನ್ನು ನಿಗದಿತ ಬಿಗಿತಕ್ಕೆ ಬಿಗಿಸಬೇಕು. ಜ್ಯಾಕು, ನೀರಿನ ಶೀಸೆ, ಕಾಲೊರಸು ಇವೆಲ್ಲ ಹೊರಗಿರಲಿ. ಪೆಡಲಿನಡಿ ಉರುಳಿದ ಶೀಸೆ ಪ್ರಾಣವನ್ನೇ ತೆಗೆದೀತು. ಸಾಮಾನ್ಯ ವಿಮೆಯು ಸಂಘಟಿತ ಓಟವನ್ನೂ ವೇಗ ಪರೀಕ್ಷೆಯನ್ನೂ ಹೊರಗಿಡುವುದು ವಾಡಿಕೆ. ಪತ್ರವನ್ನು ಮೊದಲೇ ಓದಿಕೊಳ್ಳಬೇಕು.

ಕೊನೆಯ ಸುತ್ತನ್ನು ಬ್ರೇಕು ಮುಟ್ಟದೆ ಮೆಲ್ಲಗೆ ಮುಗಿಸಿರಿ; ಬೀಸುವ ಗಾಳಿ ತಟ್ಟೆಗಳನ್ನು ಆರಿಸುತ್ತದೆ. ನಿಲ್ಲಿಸಿದೊಡನೆ ಕೈಬ್ರೇಕು ಎಳೆಯದೆ, ಗೇರಿನಲ್ಲಿ ನಿಲ್ಲಿಸಿ, ಗಾಲಿಗೆ ಅಡ್ಡ ಇಡಬೇಕು. ಗಂಟೆ ಕಳೆದು ಟೈರುಗಳು ತಣಿದಾಗ ಒತ್ತಡ ಬೆಳಗಿನದಕ್ಕಿಂತ ಕೆಳಗಿಳಿದಿರುತ್ತದೆ. ಹವೆಯನ್ನು ಮತ್ತೆ ತುಂಬಿಸಿ, ಪ್ಯಾಡುಗಳ ದಪ್ಪವನ್ನು ನೋಡಿ, ಪೆಡಲನ್ನು ಒಮ್ಮೆ ಒತ್ತಿ ಅದು ಗಟ್ಟಿಯಾಗಿದೆಯೆಂದು ಖಚಿತವಾದ ಮೇಲೆಯೇ ವಿಜಯಪುರದ ದಾರಿ ಹಿಡಿಯಬೇಕು.