ಕಾರ್ಖಾನೆಯ ಬಯಲಿನಲ್ಲಿ ಕಾಲ್ಚೆಂಡು

ಕೆಲವು ಊರುಗಳ ಚರಿತ್ರೆ ಅವುಗಳ ಹೆಸರಿನಲ್ಲಿಯೇ ಅಡಗಿರುತ್ತದೆ. ಫಿನ್ಲೆಂಡಿನ ವಲ್ಕೆಯಕೊಸ್ಕಿ ಅಂಥದೊಂದು ಊರು. ಆ ನಾಡಿನ ನುಡಿಯಲ್ಲಿ 'ವಲ್ಕೆಯ' ಎಂದರೆ ಬಿಳಿಯದು; 'ಕೊಸ್ಕಿ' ಎಂದರೆ ಬಂಡೆಗಳ ನಡುವೆ ನೊರೆಗರೆದು ಇಳಿಯುವ ನೀರು. ತಾಂಪೆರೆ ನಗರದ ದಕ್ಷಿಣಕ್ಕೆ, ಸರೋವರಗಳ ನಡುವೆ ಇರುವ ಈ ಊರಿಗೆ ಆ ನೀರೇ ಕಾಗದದ ಕಾರ್ಖಾನೆಯನ್ನು ತಂದಿತು. ಕಾರ್ಖಾನೆ ಕಾಲ್ಚೆಂಡಾಟವನ್ನು ಬೆಳೆಸಿತು. ಜನಸಂಖ್ಯೆ ಸುಮಾರು 20,000. ಇಷ್ಟು ಸಣ್ಣ ಊರಿನ ತಂಡವೊಂದು ರಾಜಧಾನಿಯ ತಂಡಗಳನ್ನು ಹಿಂದಿಕ್ಕಿ, ಒಂಬತ್ತು ಬಾರಿ ರಾಷ್ಟ್ರದ ಚಾಂಪಿಯನ್ ಆಯಿತೆಂದರೆ ಯಾರಿಗಾದರೂ ಸೋಜಿಗವೆನಿಸೀತು. ಆ ತಂಡದ ಹೆಸರು ಹಾಕಾ.

ಹಾಕಾ ಹುಟ್ಟಿದ್ದು 1934ರಲ್ಲಿ. ಅದು ಆಡುವ ಮೈದಾನದ ಹೆಸರು 'ತೆಹ್ತಾನ್ ಕೆಂತ್ಯಾ'. ಕನ್ನಡದಲ್ಲಿ ಹೇಳುವುದಾದರೆ 'ಕಾರ್ಖಾನೆಯ ಬಯಲು'. ಆ ಹೆಸರು ಅಲಂಕಾರಕ್ಕೆ ಬಂದದ್ದಲ್ಲ. 1920ರಲ್ಲಿ ರೂಪುಗೊಂಡ ಯುನೈಟೆಡ್ ಪೇಪರ್ ಮಿಲ್ಸ್ ಎಂಬ ಕಂಪನಿಯ ಕೇಂದ್ರ ಕಚೇರಿ ಈ ಊರಿನಲ್ಲಿತ್ತು. ಮಹಾಯುದ್ಧದ ನಂತರ ಅದರ ಚುಕ್ಕಾಣಿ ಹಿಡಿದಿದ್ದ ಯೂಸೊ ವಾಲ್ಡೆನ್ ಈ ಆಟದ ದೊಡ್ಡ ಪೋಷಕರು. ಆಟಗಾರರಿಗೆ ಕಾರ್ಖಾನೆಯಲ್ಲಿ ಉದ್ಯೋಗವಿತ್ತು. ದುಡಿಮೆ ಮುಗಿದ ಮೇಲೆ ಆಟ. ಇದು ಔದಾರ್ಯವೇ, ಅಥವಾ ದುಡಿಯುವ ಜನರನ್ನು ಒಡೆತನದ ನೆರಳಿನಲ್ಲಿ ಇರಿಸಿಕೊಳ್ಳುವ ಉಪಾಯವೇ? 1918ರ ಅಂತರ್ಯುದ್ಧದಿಂದ ಎರಡು ಹೋಳಾಗಿದ್ದ ಆ ದೇಶದಲ್ಲಿ ಕಾರ್ಮಿಕರ ಕ್ರೀಡಾಸಂಘಗಳೇ ಬೇರೆ, ಉಳಿದವರವೇ ಬೇರೆ ಎಂಬ ಸ್ಥಿತಿ ಬಹುಕಾಲವಿತ್ತು. ಅಲ್ಲಿ ಇಂಥ ಪ್ರಶ್ನೆ ಏಳುವುದು ಸಹಜ. ಎರಡು ಮಾತಿನಲ್ಲಿಯೂ ಸತ್ಯಾಂಶವುಂಟೆಂದು ನನಗೆ ತೋರುತ್ತದೆ.

ಫಲವಂತೂ ಎದ್ದು ಕಾಣುವಂಥದು. 1955ರಲ್ಲಿ ಫಿನ್ಲೆಂಡಿನ ಕಪ್ ಪಂದ್ಯಾವಳಿ ಮೊದಲಾದಾಗ ಆ ಮೊದಲ ಕಪ್ಪನ್ನೇ ಹಾಕಾ ಗೆದ್ದಿತು. 1960ರಲ್ಲಿ ಕಪ್ಪಿನೊಡನೆ ಲೀಗ್ ಪ್ರಶಸ್ತಿಯೂ ಬಂದಿತು. 1977ರಲ್ಲಿ ಅದೇ ಜೋಡಿ ಗೆಲುವು ಮರುಕಳಿಸಿತು. ಒಟ್ಟಿನಲ್ಲಿ ಹನ್ನೆರಡು ಕಪ್ಪುಗಳು ಈ ತಂಡಕ್ಕೆ ಸಂದಿವೆ. ಈ ಊರಿನ ಮಗ ಯುಹಾನಿ ಪೆಲ್ಟೊನೆನ್ 1964ರಲ್ಲಿ ಹ್ಯಾಂಬರ್ಗ್ ತಂಡವನ್ನು ಸೇರಿ, ಜರ್ಮನಿಯ ಬುಂಡೆಸ್‌ಲಿಗಾದಲ್ಲಿ ಆಡಿದ ಮೊದಲ ಫಿನ್ನಿಷ್ ಆಟಗಾರರೆನಿಸಿದರು.

ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ಗೆಲುವಲ್ಲ, ಒಂದು ಸೋಲು. 1983-84ರ ಯುರೋಪಿನ ಕಪ್ ವಿಜೇತರ ಪಂದ್ಯಾವಳಿಯಲ್ಲಿ ಐರ್ಲೆಂಡಿನ ಸ್ಲೈಗೊ ರೋವರ್ಸ್, ಸ್ವೀಡನ್ನಿನ ಹಮ್ಮರ್ಬಿ ತಂಡಗಳನ್ನು ದಾಟಿ ಹಾಕಾ ಕ್ವಾರ್ಟರ್ ಫೈನಲ್ ತಲುಪಿತು. ಎದುರಾಳಿ ಇಟಲಿಯ ಯುವೆಂಟಸ್. ಪ್ಲಾಟಿನಿ, ರೊಸ್ಸಿ, ತಾರ್ದೆಲ್ಲಿ ಮೊದಲಾದವರಿದ್ದ ದಿಗ್ಗಜರ ತಂಡ. ಪಂದ್ಯದ ಕಾಲ ಮಾರ್ಚ್ ತಿಂಗಳು; ಕಾರ್ಖಾನೆಯ ಬಯಲು ಆಗಿನ್ನೂ ಚಳಿಗಾಲದ ವಶದಲ್ಲಿ. ಹೀಗಾಗಿ ಹಾಕಾ ತನ್ನ 'ತವರಿನ' ಪಂದ್ಯವನ್ನು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಆಡಬೇಕಾಯಿತು. ತನ್ನ ಜನರ ಕೂಗು ಕೇಳಿಸದ ಆ ನೆಲದಲ್ಲಿ ಸೋತದ್ದು ಒಂದೇ ಗೋಲಿನಿಂದ. ಟ್ಯೂರಿನ್‌ನಲ್ಲಿ ಸೋತದ್ದೂ ಒಂದೇ ಗೋಲಿನಿಂದ. ಆ ವರ್ಷದ ಕಪ್ಪು ಕಡೆಗೆ ಯುವೆಂಟಸ್ ಪಾಲಾಯಿತು.

ಮುಂದೆ ಕಾಲಚಕ್ರ ಉರುಳಿತು. 1995ರಲ್ಲಿ ಚಾಂಪಿಯನ್ ಆದ ತಂಡ ಮರುವರ್ಷವೇ ಕೆಳದರ್ಜೆಗೆ ಜಾರಿತು. 1997ರಲ್ಲಿ ಕಪ್ ಗೆದ್ದು ಮೇಲೆದ್ದು, ಕೀತ್ ಆರ್ಮ್‌ಸ್ಟ್ರಾಂಗ್ ಎಂಬ ಇಂಗ್ಲಿಷ್ ತರಬೇತುದಾರರ ಕೈಕೆಳಗೆ 1998, 1999, 2000ರಲ್ಲಿ ಸತತ ಮೂರು ಬಾರಿ ಲೀಗ್ ಗೆದ್ದಿತು. ಒಂಬತ್ತನೆಯ ಪ್ರಶಸ್ತಿ ಬಂದದ್ದು 2004ರಲ್ಲಿ. ಇತ್ತ ಕಾಗದದ ಕಂಪನಿ 1996ರಲ್ಲಿ ಇನ್ನೊಂದರೊಡನೆ ವಿಲೀನವಾಗಿ ಯುಪಿಎಂ-ಕ್ಯುಮ್ಮೆನೆ ಎನಿಸಿತ್ತು; ಕೇಂದ್ರ ಕಚೇರಿ ಹೆಲ್ಸಿಂಕಿಯ ಪಾಲಾಗಿತ್ತು. ಒಡೆಯನ ಮನೆ ಊರಿನಿಂದಾಚೆ ಹೋದ ಮೇಲೆ ಊರಿನ ಆಟ ಯಾರದು? 2012ರಲ್ಲಿ ತಂಡ ಮತ್ತೆ ಕೆಳಗಿಳಿದು ಏಳು ವರ್ಷ ಎರಡನೆಯ ದರ್ಜೆಯಲ್ಲಿ ಆಡಿತು. ಹಾಕಾದಲ್ಲಿಯೇ ಎಳೆಯನಾಗಿ ಆಡಿ, ಮುಂದೆ ಲಂಡನ್ನಿನ ಟಾಟನ್‌ಹ್ಯಾಮ್ ತಂಡದವರೆಗೆ ಹೋಗಿದ್ದ ತೇಮು ತಾಯ್ನಿಯೊ ತರಬೇತುದಾರರಾಗಿ ಮರಳಿ ಬಂದು, 2019ರಲ್ಲಿ ಅದನ್ನು ಮೇಲಕ್ಕೆತ್ತಿದರು.

ಬೇರೆಯವರ ಕೈ ಹಿಡಿದು ಹತ್ತಿದ್ದು ಹಿರಿಮೆಯಲ್ಲ ಎನ್ನುವವರುಂಟು. ಇರಬಹುದು. ಆದರೆ ಹಿಡಿದ ಕೈ ಸಡಿಲವಾದ ಮೇಲೂ ಆ ಬಯಲಿನಲ್ಲಿ ಚೆಂಡು ಉರುಳುತ್ತಲೇ ಇತ್ತು. ಕಂಪನಿ ಕೊಟ್ಟದ್ದನ್ನು ಜನ ತಮ್ಮದಾಗಿಸಿಕೊಂಡಿದ್ದರೆಂಬುದಕ್ಕೆ, ಹನ್ನೆರಡು ಕಪ್ಪುಗಳಿಗಿಂತ ಆ ಏಳು ವರ್ಷಗಳೇ ಹೆಚ್ಚಿನ ಸಾಕ್ಷಿಯಲ್ಲವೆ?